ಮುಚ್ಚಿಟ್ಟ ಆದಾಯದ ಸ್ವಯಂಘೋಷಣೆ: ಒಂದು ಇತಿಹಾಸ

ಎಕಂಬಾ, ಔರಾದ, ಭಾಲ್ಕಿ ಭಾಗದ ನಮ್ಮ ಹಿರಿಯರಿಗೆ ಭೂಕಂದಾಯವು ಬಹುಕಾಲದಿಂದ ಪರಿಚಿತ. ಭಾರತ ಸರಕಾರದ ಆದಾಯ ತೆರಿಗೆಯು ಬಂದುದು ತಡವಾಗಿ. 1948ರಲ್ಲಿ ನಿಜಾಮನ ಆಳ್ವಿಕೆಯು ಮುಗಿದ ಬಳಿಕ, 1950ರ ಏಪ್ರಿಲ್ 1ರಿಂದ ಆ ಕಾಯಿದೆಯು ಬೀದರ ಜಿಲ್ಲೆಗೂ ಅನ್ವಯವಾಯಿತು. ಮರುವರ್ಷವೇ, ಮುಚ್ಚಿಟ್ಟ ಆದಾಯವನ್ನು ತಾವಾಗಿಯೇ ತಿಳಿಸಿದವರಿಗೆ ರಿಯಾಯಿತಿ ತೋರುವ ಯೋಜನೆಯೊಂದು ಹೊರಟಿತು. ಮಂತ್ರಿ ಮಹಾವೀರ ತ್ಯಾಗಿಯವರ ಹೆಸರಿನಿಂದ ಪ್ರಸಿದ್ಧವಾದ ಆ ಯೋಜನೆಯಲ್ಲಿ ಸುಮಾರು 70 ಕೋಟಿ ರೂಪಾಯಿ ಬಯಲಾಯಿತು. ಬೊಕ್ಕಸಕ್ಕೆ ಸೇರಿದ್ದು ಸುಮಾರು 11 ಕೋಟಿ.

1965ರಲ್ಲಿ ಮತ್ತೆರಡು ಯೋಜನೆಗಳು ಬಂದವು. ಇಂತಹವು ಪದೇ ಪದೇ ಬರಬಾರದೆಂದು ನ್ಯಾಯಮೂರ್ತಿ ವಾಂಚೂ ಸಮಿತಿಯು 1971ರಲ್ಲಿ ಸ್ಪಷ್ಟವಾಗಿ ಎಚ್ಚರಿಸಿತು. ಆದರೂ ತುರ್ತು ಪರಿಸ್ಥಿತಿಯ ನಡುವೆ, 1975ರ ಅಕ್ಟೋಬರಿನಲ್ಲಿ, ಸುಗ್ರೀವಾಜ್ಞೆಯ ಮೂಲಕ ಇನ್ನೊಂದು ಬಂದಿತು. ವಿವೇಕಿಗಳ ವರದಿಗಳು ಕಪಾಟು ಸೇರುವುದು ನಮ್ಮಲ್ಲಿ ಹೊಸತಲ್ಲ!

ಎಲ್ಲಕ್ಕಿಂತ ವಿಚಾರಣೀಯವಾದುದು 1997ರ ಯೋಜನೆ. ಜುಲೈ 1ರಿಂದ ಡಿಸೆಂಬರ್ 31ರ ವರೆಗೆ ಘೋಷಿಸಿದ ವ್ಯಕ್ತಿಗಳು ಶೇಕಡಾ 30, ಕಂಪನಿಗಳು ಶೇಕಡಾ 35 ತೆರಿಗೆ ತೆತ್ತರೆ ಸಾಕು; ಬಡ್ಡಿಯಿಲ್ಲ, ದಂಡವಿಲ್ಲ, ಮೊಕದ್ದಮೆಯಿಲ್ಲ. ಸುಮಾರು ನಾಲ್ಕೂಮುಕ್ಕಾಲು ಲಕ್ಷ ಜನರು 33 ಸಾವಿರ ಕೋಟಿಗೂ ಮಿಕ್ಕಿ ಘೋಷಿಸಿದರು. ಆದರೆ 1987ರ ಏಪ್ರಿಲ್ 1ಕ್ಕೆ ಮುಂಚಿನ ಆಭರಣಗಳಿಗೆ ಆ ದಿನದ ಬೆಲೆಯನ್ನೇ ಕಟ್ಟಲಾಗುತ್ತಿದ್ದಿತು. ಹತ್ತು ವರ್ಷಗಳಲ್ಲಿ ಬಂಗಾರದ ಬೆಲೆ ಬಹಳ ಏರಿದ್ದುದರಿಂದ, ಒಡವೆ ಹಳೆಯದೆಂದು ಹೇಳಿದಷ್ಟೂ ತೆರಿಗೆಯು ಇಳಿಯಿತು. ತಪ್ಪನ್ನು ಒಪ್ಪಿಕೊಳ್ಳುವ ಪತ್ರದಲ್ಲಿಯೇ ಇನ್ನೊಂದು ಸುಳ್ಳಿಗೆ ಎಡೆ! ಮಹಾಲೇಖಪಾಲರು ಇದನ್ನು ಕಟುವಾಗಿ ಟೀಕಿಸಿದರು. ಕಾಲಕಾಲಕ್ಕೆ ಪೂರ್ಣ ತೆರಿಗೆ ತೆತ್ತ ಪ್ರಾಮಾಣಿಕನಿಗೆ ಆದ ಅನ್ಯಾಯವನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ತೊಗರಿ, ಜೋಳ ಬೆಳೆಯುವ ನಮ್ಮ ರೈತನಿಗೆ ಈ ಪ್ರಶ್ನೆ ನೇರವಾಗಿ ತಟ್ಟದು; ಕೃಷಿ ಆದಾಯದ ಮೇಲೆ ಕೇಂದ್ರದ ತೆರಿಗೆಯಿಲ್ಲ. ಪೇಟೆಯ ಗಳಿಕೆಯನ್ನು ಹೊಲದ ಫಸಲೆಂದು ತೋರಿಸುವವರು ಮಾತ್ರ ಆತನ ಹೆಸರನ್ನು ಕೆಡಿಸುತ್ತಾರೆ.

2016ರ ಯೋಜನೆಯಲ್ಲಿ ಧೋರಣೆಯು ಬದಲಾಯಿತು: ತೆರಿಗೆ, ಮೇಲ್ತೆರಿಗೆ, ದಂಡ ಸೇರಿ ಶೇಕಡಾ 45. ಅಲ್ಲಿಗೆ, ತಪ್ಪಿಸಿದವನು ಪ್ರಾಮಾಣಿಕನಿಗಿಂತ ಹೆಚ್ಚು ತೆರಬೇಕೆಂಬ ನ್ಯಾಯವು ತಡವಾಗಿಯಾದರೂ ಅಂಗೀಕೃತವಾಯಿತು. 2022ರಲ್ಲಿ ಪರಿಷ್ಕೃತ ಲೆಕ್ಕವನ್ನು ಹೆಚ್ಚುವರಿ ತೆರಿಗೆಯೊಡನೆ ಎರಡು ವರ್ಷದೊಳಗೆ ಸಲ್ಲಿಸುವ ಅವಕಾಶವು ಕಾಯಿದೆಯಲ್ಲಿಯೇ ಸೇರಿತು. 2025ರಲ್ಲಿ ಆ ಅವಧಿಯು ನಾಲ್ಕು ವರ್ಷಕ್ಕೆ ಏರಿತು. ತಡಮಾಡಿದಷ್ಟೂ ಹೊರೆ ಹೆಚ್ಚು; ಶೋಧ ಆರಂಭವಾದ ಮೇಲೆ ಈ ಬಾಗಿಲು ಮುಚ್ಚಿರುತ್ತದೆ.