‘ಇಂಡಿಯಾ ಎಸ್’: ಒಂದೇ ಟೂರ್ನಿಯ ತಂಡ

ಗಿಣಿಗೇರಾದ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದಾಗ ನಾನು ಖೋ ಖೋ ತಂಡದಲ್ಲಿದ್ದೆ. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಎರಡನೇ ಸ್ಥಾನ ಬಂತು, ಒಂದು ಶೀಲ್ಡ್ ಕೊಟ್ಟರು. ಮರುವರ್ಷ ತಂಡವೇ ಉಳಿಯಲಿಲ್ಲ. ಇಬ್ಬರು ಶಾಲೆ ಬಿಟ್ಟರು, ಒಬ್ಬಳನ್ನು ಅಜ್ಜಿಯ ಊರಿಗೆ ಕಳಿಸಿದರು, ಉಳಿದವರನ್ನು ಸೇರಿಸಿ ಆಡಿಸುವವರಿರಲಿಲ್ಲ. ಶೀಲ್ಡ್ ಮಾತ್ರ ಕಪಾಟಿನಲ್ಲಿ ಉಳಿಯಿತು. ಅದರ ಮೇಲೆ ‘ಬಾಲಕಿಯರ ಖೋ ಖೋ – ದ್ವಿತೀಯ’ ಎಂದಷ್ಟೇ ಬರೆದಿತ್ತು.

ಸಂಶೋಧನೆಗೆಂದು ಏಷ್ಯಾದ ಮಹಿಳಾ ಫುಟ್‌ಬಾಲ್‌ನ ಹಳೆಯ ಫಲಿತಾಂಶಗಳನ್ನು ನೋಡುತ್ತಿದ್ದಾಗ ಆ ಶೀಲ್ಡ್ ನೆನಪಾಯಿತು. 1980ರ ಜನವರಿಯಲ್ಲಿ ಕೇರಳದ ಕೋಝಿಕ್ಕೋಡ್‌ನಲ್ಲಿ ಏಷ್ಯನ್ ಮಹಿಳಾ ಚಾಂಪಿಯನ್‌ಶಿಪ್ ನಡೆಯಿತು. ಕೆಲವು ದಾಖಲೆಗಳಲ್ಲಿ ಅದನ್ನು 1979ರ ಟೂರ್ನಿ ಎಂದು ಎಣಿಸುತ್ತಾರೆ. ಹಾಂಗ್‌ಕಾಂಗ್, ಪಶ್ಚಿಮ ಆಸ್ಟ್ರೇಲಿಯಾ ಮುಂತಾದ ತಂಡಗಳು ಬಂದಿದ್ದವು. ಆತಿಥೇಯ ಭಾರತ ಒಂದಲ್ಲ, ಎರಡು ತಂಡಗಳನ್ನು ಇಳಿಸಿತು: ‘ಇಂಡಿಯಾ ಎನ್’ ಮತ್ತು ‘ಇಂಡಿಯಾ ಎಸ್’. ಉತ್ತರಕ್ಕೊಂದು, ದಕ್ಷಿಣಕ್ಕೊಂದು. ಇವುಗಳಲ್ಲಿ ‘ಎಸ್’ ತಂಡ ಫೈನಲ್ ತಲುಪಿ, ತೈವಾನಿನ ತಂಡಕ್ಕೆ 2–0 ಗೋಲುಗಳಿಂದ ಸೋತಿತು. ಏಷ್ಯಾಕ್ಕೇ ಎರಡನೇ ಸ್ಥಾನ! ಆ ಹೆಸರಿನ ತಂಡದ ಕಥೆ ಅಲ್ಲಿಗೇ ಮುಗಿಯಿತು. ನಂತರದ ಸಾಧನೆಯ ಪಟ್ಟಿಗಳಲ್ಲಿ ‘ಎಸ್’ ಅಕ್ಷರವೂ ಬಿದ್ದುಹೋಗಿ ‘ಭಾರತ, ರನ್ನರ್ ಅಪ್’ ಎಂದಷ್ಟೇ ಉಳಿಯಿತು.

ಚೆನ್ನಾಗಿ ಆಡಿದ ತಂಡ ಹೀಗೆ ಹೇಗೆ ಕರಗುತ್ತದೆ? ಬೇರೆ ದೇಶಗಳಲ್ಲಾದರೆ ಉತ್ತರ ಸುಲಭ. ಇಂಗ್ಲೆಂಡಿನಲ್ಲಿ 1920ರ ಡಿಸೆಂಬರ್ 26ರಂದು ಡಿಕ್ ಕೆರ್ ಲೇಡೀಸ್ ತಂಡದ ಪಂದ್ಯ ನೋಡಲು ಲಿವರ್‌ಪೂಲ್‌ನ ಗುಡಿಸನ್ ಪಾರ್ಕಿಗೆ ಸುಮಾರು 53,000 ಜನ ಸೇರಿದ್ದರು. ಮರುವರ್ಷ ಡಿಸೆಂಬರ್ 5ರಂದು ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳ ಮೈದಾನಗಳಲ್ಲಿ ಹೆಂಗಸರು ಆಡಬಾರದೆಂದು ತೀರ್ಮಾನಿಸಿತು. ಅದು ಹೋಗಲು ಅರ್ಧ ಶತಮಾನ ಬೇಕಾಯಿತು. ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಕಾನೂನೇ ಅಡ್ಡವಿತ್ತು.

ನಮ್ಮಲ್ಲಿ ಅಂಥ ನಿಷೇಧ ಇರಲಿಲ್ಲ. ಆದರೆ ಮನೆಯೂ ಇರಲಿಲ್ಲ. ಹೆಣ್ಣುಮಕ್ಕಳ ಆಟ ನಡೆಸಲು 1975ರಲ್ಲಿ ಭಾರತೀಯ ಮಹಿಳಾ ಫುಟ್‌ಬಾಲ್ ಫೆಡರೇಷನ್ ಹುಟ್ಟಿತು. ಅದು ಪುರುಷರ ಆಟ ನಡೆಸುತ್ತಿದ್ದ ಅಖಿಲ ಭಾರತ ಸಂಸ್ಥೆಯ ಹೊರಗೇ ಇತ್ತು. ಏಷ್ಯಾ ಮಟ್ಟದಲ್ಲೂ ಹೀಗೇ: ಮಹಿಳೆಯರ ಟೂರ್ನಿ ನಡೆಸುತ್ತಿದ್ದದ್ದು ಪ್ರತ್ಯೇಕ ಒಕ್ಕೂಟ, ಅದು ಮುಖ್ಯ ಸಂಸ್ಥೆಗೆ ಸೇರಿದ್ದು 1986ರಲ್ಲಿ. ಭಾರತದಲ್ಲಿ ಆ ಸೇರ್ಪಡೆಗೆ 1990ರ ದಶಕ ಬರಬೇಕಾಯಿತು. ಒಂದು ಟೂರ್ನಿಗೆ ಆಟಗಾರ್ತಿಯರನ್ನು ಕೂಡಿಸಬಹುದು. ವರ್ಷವಿಡೀ ಆಡಿಸಲು ಲೀಗ್, ಕ್ಲಬ್, ಸಂಬಳ ಬೇಕು. ಅವಿಲ್ಲದಿದ್ದರೆ ಪ್ರತಿ ತಂಡವೂ ಅಲ್ಪಾಯುವೇ.

ಇದರ ಬೆಲೆ ಎಷ್ಟೆಂಬುದನ್ನು ಇಸವಿಗಳೇ ಹೇಳುತ್ತವೆ. 1983ರಲ್ಲಿ ಶಾಂತಿ ಮಲ್ಲಿಕ್ ಅರ್ಜುನ ಪ್ರಶಸ್ತಿ ಪಡೆದ ಮೊದಲ ಫುಟ್‌ಬಾಲ್ ಆಟಗಾರ್ತಿಯಾದರು. ಎರಡನೆಯವರು ಮಣಿಪುರದ ಒಯಿನಾಂ ಬೆಂಬೆಂ ದೇವಿ, ಇಸವಿ 2017. ನಡುವೆ 34 ವರ್ಷ! 2009ರಲ್ಲಿ, ಸಾಕಷ್ಟು ಪಂದ್ಯಗಳನ್ನೇ ಆಡಿಲ್ಲವೆಂದು ಫಿಫಾ ಭಾರತದ ಮಹಿಳಾ ತಂಡವನ್ನು ರ‍್ಯಾಂಕಿಂಗ್‌ನಿಂದ ಕೈಬಿಟ್ಟಿತು. ರಾಷ್ಟ್ರೀಯ ಮಹಿಳಾ ಲೀಗ್ ಶುರುವಾದದ್ದು 2017ರಲ್ಲಿ, ಅಂದರೆ ಕೋಝಿಕ್ಕೋಡ್ ಫೈನಲ್ ಆಗಿ 37 ವರ್ಷಗಳ ಮೇಲೆ. 2023ರಲ್ಲಿ ಆ ಲೀಗಿನ ಫೈನಲ್‌ಗೆ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಬಂದು ಎರಡನೇ ಸ್ಥಾನ ಪಡೆಯಿತು. ಗೆದ್ದದ್ದು ಗೋಕುಲಂ ಕೇರಳ, ಅದೇ ಕೋಝಿಕ್ಕೋಡ್‌ನ ಕ್ಲಬ್. ಈ ಸಲ ಸೋತವರ ಹೆಸರು, ಅಂಗಿಯ ನಂಬರು, ಪಂದ್ಯದ ವಿಡಿಯೋ ಎಲ್ಲವೂ ಉಳಿದಿವೆ. ಸೋಲಿಗೂ ಒಂದು ದಾಖಲೆ ಇರುವುದು ಸಣ್ಣ ಸಂಗತಿಯಲ್ಲ.

ಕಳೆದ ರಜೆಗೆ ಊರಿಗೆ ಹೋದಾಗ ಅವ್ವನಿಗೆ ‘ಇಂಡಿಯಾ ಎಸ್’ ಕಥೆ ಹೇಳಿದೆ. ಕಾರ್ಖಾನೆಯ ಕರಿ ಧೂಳು ಕುಂತ ಕಟ್ಟೆ ಒರೆಸುತ್ತಿದ್ದವಳು ಕೈ ನಿಲ್ಲಿಸಿ, “ಹೌದಾ? ಯಾರ ಮನಿ ಮಕ್ಕಳವ್ವ ಅವರು?” ಅಂದಳು. ನಮ್ಮ ಕಡೆ ಯಾರ ಸುದ್ದಿ ಬಂದರೂ ಮೊದಲು ಕೇಳುವ ಪ್ರಶ್ನೆ ಅದು. ಗೋಲಿನ ಲೆಕ್ಕ ಆಮೇಲೆ.

ಫಲಿತಾಂಶದ ಪಟ್ಟಿಯಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ. ಅಂದು ಇಪ್ಪತ್ತರ ಆಸುಪಾಸಿನಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ಅವರ ಚರಿತ್ರೆ ಬರೆಯುವುದೆಂದರೆ ಕಚೇರಿಯ ಕಡತ ತಿರುವುವುದಷ್ಟೇ ಅಲ್ಲ, ಮನೆಗಳ ಬಾಗಿಲು ಬಡಿದು ಕಪಾಟಿನ ಫೋಟೊ ತೋರಿಸಿ ಎಂದು ಕೇಳುವುದು. ಹಾಗೆ ಕೇಳಲು ಇನ್ನು ಹೆಚ್ಚು ವರ್ಷಗಳಿಲ್ಲ.

ಅವತ್ತು ಸಂಜೆ ನಮ್ಮ ಖೋ ಖೋ ತಂಡದವರ ಹೆಸರು ಬರೆಯಲು ಕೂತೆ. ಒಂಬತ್ತು ಜನರಲ್ಲಿ ಏಳು ಹೆಸರು ನೆನಪಾದವು. ಉಳಿದ ಎರಡನ್ನು ಕೇಳಿಕೊಂಡು ಬರಲು ಚಪ್ಪಲಿ ಮೆಟ್ಟಿ ಓಣಿಗೆ ಇಳಿದೆ.