ಉಳಿಯುವ ಉಸಿರಿನ ಲೆಕ್ಕ: ಶ್ವಾಸಕೋಶ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ವಿಚಾರ

ಶ್ವಾಸಕೋಶ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1933ನೆಯ ಇಸವಿಯ ಏಪ್ರಿಲ್ 5ನ್ನು ಸ್ಮರಿಸುತ್ತಾರೆ. ಅಂದು ಅಮೆರಿಕದ ಸೇಂಟ್ ಲೂಯಿಸ್ ನಗರದ ಬಾರ್ನ್ಸ್ ಆಸ್ಪತ್ರೆಯಲ್ಲಿ ಇವಾರ್ಟ್ಸ್ ಗ್ರಹಾಂ ಎಂಬ ಶಸ್ತ್ರವೈದ್ಯರು 48 ವರ್ಷದ ರೋಗಿಯೊಬ್ಬರ ಎಡ ಶ್ವಾಸಕೋಶವನ್ನು ಒಂದೇ ಬಾರಿಗೆ ಸಂಪೂರ್ಣವಾಗಿ ತೆಗೆದರು. ಸ್ವತಃ ವೈದ್ಯರಾಗಿದ್ದ ಆ ರೋಗಿ 1963ರವರೆಗೆ ಬದುಕಿದ್ದರು. ಈ ಸಾಧನೆಯನ್ನು ಕೊಂಡಾಡುವಾಗ ಒಂದಂಶವನ್ನು ಮರೆಯಲಾಗದು: ಉಳಿದ ಶ್ವಾಸಕೋಶವು ಇಡೀ ದೇಹದ ಭಾರವನ್ನು ಹೊರಲು ಶಕ್ತವಾಗಿತ್ತು. ಮೊದಲೇ ಶ್ವಾಸಕೋಶ ಕೆಟ್ಟವರ ಗತಿಯೇನು? ಈ ಪ್ರಶ್ನೆ ಹೇಗೆ ಬೆಳೆಯಿತೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಇಂತಹ ರೋಗಿಗಳು ವಿರಳರಲ್ಲ. ಇಂಗ್ಲೆಂಡಿನಲ್ಲಿ ಡಾಲ್ ಮತ್ತು ಹಿಲ್, ಅಮೆರಿಕದಲ್ಲಿ ವಿಂಡರ್ ಮತ್ತು ಇದೇ ಗ್ರಹಾಂ 1950ರಲ್ಲಿ ಧೂಮಪಾನಕ್ಕೂ ಈ ಕ್ಯಾನ್ಸರಿಗೂ ಇರುವ ಸಂಬಂಧವನ್ನು ತೋರಿಸಿದರು. ಅದೇ ಹೊಗೆ ಶ್ವಾಸಕೋಶದ ಗಾಳಿಗೂಡುಗಳನ್ನೂ ನಾಶಮಾಡುತ್ತದೆ. ಎಂದರೆ, ಶಸ್ತ್ರಚಿಕಿತ್ಸೆ ಯಾರಿಗೆ ಹೆಚ್ಚಾಗಿ ಬೇಕೋ ಅವರಲ್ಲಿ ಅನೇಕರಿಗೆ ಅದನ್ನು ತಾಳುವ ಉಸಿರು ಇರುವುದಿಲ್ಲ. ಗ್ರಹಾಂ ಅವರೇ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು.

ಉಸಿರನ್ನು ಅಳೆಯುವ ಸಾಧನವೇನೋ ಹಳೆಯದು. ಲಂಡನ್ನಿನ ಜಾನ್ ಹಚಿನ್‌ಸನ್ 1846ರಲ್ಲಿಯೇ ಎರಡು ಸಾವಿರಕ್ಕೂ ಹೆಚ್ಚು ಜನರ ಶ್ವಾಸ ಪ್ರಮಾಣವನ್ನು ಅಳೆದು ಪ್ರಕಟಿಸಿದ್ದರು. 1947ರಲ್ಲಿ ಫ್ರಾನ್ಸಿನ ಟಿಫನೋ ಮತ್ತು ಪಿನೆಲ್ಲಿ ಮೊದಲನೆಯ ಸೆಕೆಂಡಿನಲ್ಲಿ ಹೊರಬೀಳುವ ಗಾಳಿಯೇ ಮುಖ್ಯವೆಂದು ಸೂಚಿಸಿದರು. 1955ರಲ್ಲಿ ಗೆನ್ಸ್ಲರ್ ಮತ್ತು ಸಂಗಡಿಗರು ಕ್ಷಯರೋಗಿಗಳ ಶಸ್ತ್ರಚಿಕಿತ್ಸೆಯನ್ನು ಪರಿಶೀಲಿಸಿ, ಶ್ವಾಸಶಕ್ತಿಯ ಕೊರತೆಗೂ ಮರಣಕ್ಕೂ ಇರುವ ನಂಟನ್ನು ತೋರಿಸಿದರು. ಕ್ಷಯದಿಂದ ಕಲಿತ ಈ ಪಾಠ ಕ್ಯಾನ್ಸರಿನ ಚಿಕಿತ್ಸೆಗೂ ಒದಗಿತು.

ಮುಂದೆ ರೂಢಿಗೆ ಬಂದ ಲೆಕ್ಕ ಸರಳವಾದುದು. ಎರಡು ಶ್ವಾಸಕೋಶಗಳಲ್ಲಿ 19 ಖಂಡಗಳೆಂದು ಎಣಿಸುತ್ತಾರೆ. ಬಲದಲ್ಲಿ 10, ಎಡದಲ್ಲಿ 9. ಸಹಜ ಪ್ರಮಾಣದ ಶೇಕಡಾ 60ರಷ್ಟು ಶ್ವಾಸಶಕ್ತಿಯುಳ್ಳ ರೋಗಿಗೆ ಬಲ ಮೇಲ್ಭಾಗದ 3 ಖಂಡಗಳನ್ನು ತೆಗೆದರೆ ಸುಮಾರು 50 ಉಳಿಯುತ್ತದೆ. ಬಲ ಶ್ವಾಸಕೋಶವನ್ನೆಲ್ಲ ತೆಗೆದರೆ 28 ಮಾತ್ರ. ಶೇಕಡಾ 40ಕ್ಕಿಂತ ಕಡಿಮೆಯಾದರೆ ಅಪಾಯ ಹೆಚ್ಚೆಂದು ಬಹುಕಾಲ ನಂಬಲಾಗಿತ್ತು.

ಆದರೆ ಈ ಲೆಕ್ಕ ಎಲ್ಲ ಖಂಡಗಳೂ ಸಮಾನವೆಂದು ಭಾವಿಸುತ್ತದೆ. ರೋಗಗ್ರಸ್ತ ಶ್ವಾಸಕೋಶದಲ್ಲಿ ಅದು ಸತ್ಯವಲ್ಲ. 1993ರಲ್ಲಿ ಅದೇ ಬಾರ್ನ್ಸ್ ಆಸ್ಪತ್ರೆಯಲ್ಲಿ ಜೋಯೆಲ್ ಕೂಪರ್, ಗಾಳಿಗೂಡುಗಳು ಹಿಗ್ಗಿ ಕೆಟ್ಟಿದ್ದ ಭಾಗಗಳನ್ನು ತೆಗೆದು ಕ್ಯಾನ್ಸರಿಲ್ಲದ ರೋಗಿಗಳ ಉಸಿರಾಟವನ್ನೇ ಸುಧಾರಿಸಲಾರಂಭಿಸಿದರು. ಕ್ಯಾನ್ಸರು ಅಂತಹ ನಿರುಪಯುಕ್ತ ಭಾಗದಲ್ಲಿಯೇ ಇದ್ದರೆ ನಷ್ಟ ಲೆಕ್ಕಕ್ಕಿಂತ ಕಡಿಮೆಯಾಗಬಹುದೆಂದು ಇದರಿಂದ ತಿಳಿಯಿತು. ಕೇವಲ ಅಂಕೆಯನ್ನು ನೋಡಿ ಚಿಕಿತ್ಸೆಯನ್ನು ನಿರಾಕರಿಸುವುದು ಅನ್ಯಾಯವಾದೀತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಶ್ವಾಸಕೋಶದ ಊತಕವೇ ಗಡುಸಾಗುವ ರೋಗದಲ್ಲಿ ಅಂಕೆ ತೃಪ್ತಿಕರವಾಗಿದ್ದರೂ ಶಸ್ತ್ರಚಿಕಿತ್ಸೆಯ ಬಳಿಕ ರೋಗ ಹಠಾತ್ತಾಗಿ ಕೆರಳಬಹುದು. 2014ರಲ್ಲಿ ಜಪಾನಿನಿಂದ ಪ್ರಕಟವಾದ 1,763 ರೋಗಿಗಳ ಪರಿಶೀಲನೆಯಲ್ಲಿ ಶೇಕಡಾ 9.3 ಮಂದಿಗೆ ಹೀಗಾಯಿತು. ಅವರಲ್ಲಿ ಶೇಕಡಾ 43.9 ಮಂದಿ ಮೃತರಾದರು.

ಹಾಗಾದರೆ ಕಡಿಮೆ ಭಾಗವನ್ನು ತೆಗೆಯಬಾರದೇಕೆ? 1995ರ ಅಮೆರಿಕದ ಪರೀಕ್ಷೆ ಹಾಗೆ ಮಾಡಿದರೆ ಕ್ಯಾನ್ಸರು ಅಲ್ಲಿಯೇ ಮರುಕಳಿಸುವುದು ಹೆಚ್ಚೆಂದು ಎಚ್ಚರಿಸಿತ್ತು. 2022ರ ಜಪಾನಿನ ಪರೀಕ್ಷೆಯಲ್ಲಿ, ಅಂಚಿನಲ್ಲಿದ್ದ 2 ಸೆಂಟಿಮೀಟರಿಗೆ ಮೀರದ ಗಡ್ಡೆಗಳಿಗೆ ಖಂಡವನ್ನಷ್ಟೇ ತೆಗೆದಾಗ ಸ್ಥಳೀಯ ಮರುಕಳಿಕೆ ಹೆಚ್ಚಿತ್ತಾದರೂ ಬದುಕುಳಿದವರ ಪ್ರಮಾಣ ಕುಗ್ಗಲಿಲ್ಲ. ಐದು ವರ್ಷಗಳ ಬಳಿಕ ಶೇಕಡಾ 94.3 ಮಂದಿ ಜೀವಿಸಿದ್ದರು.

ಹೀಗೆ ಈ ಚರಿತ್ರೆ ಎರಡು ಅಪಾಯಗಳ ನಡುವೆ ಸಾಗಿದೆ: ತೆಗೆದು ಕೊಲ್ಲುವ ಅಪಾಯ, ತೆಗೆಯದೆ ಸಾಯಬಿಡುವ ಅಪಾಯ. ಮಾಪನಗಳು ಎರಡನ್ನೂ ತೂಗಲು ನೆರವಾಗುತ್ತವೆ. ಎಷ್ಟು ಏದುಸಿರಿಗೆ ಎಷ್ಟು ಆಯುಷ್ಯ ತಕ್ಕ ಬೆಲೆಯೆಂಬುದನ್ನು ಮಾತ್ರ ರೋಗಿಯನ್ನು ಕೇಳಿಯೇ ತಿಳಿಯಬೇಕು.