ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೊ: ವಾಯುಮಾರ್ಗದ ದೂರ, ಪ್ರಯಾಣದ ಅವಧಿ ಮತ್ತು ದಿನಾಂಕದ ಲೆಕ್ಕ

ದೇವನಹಳ್ಳಿಯ ಬಳಿಯಿರುವ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೊ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ನಡುವಿನ ಅತಿ ಕಡಿಮೆ ವಾಯುದೂರವು ಸುಮಾರು 14,000 ಕಿಲೋಮೀಟರ್ ಆಗಿರುತ್ತದೆ. ಗೋಡೆಯ ಭೂಪಟವನ್ನು ನೋಡಿದವರಿಗೆ ಪೆಸಿಫಿಕ್ ಸಾಗರವನ್ನು ಅಡ್ಡಲಾಗಿ ದಾಟುವುದೇ ನೇರ ಹಾದಿಯೆಂದು ತೋರುವುದು ಸಹಜ. ಆದರೆ ಗೋಳದ ಮೇಲೆ ಎರಡೂ ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ, ಅದು ಚೀನಾ, ಸೈಬೀರಿಯ ಮತ್ತು ಅಲಾಸ್ಕಾಗಳ ಮೇಲೆ, ಆರ್ಕ್ಟಿಕ್ ವೃತ್ತದ ಒಳಗಿನಿಂದ ಹಾದುಹೋಗುವುದು ಕಂಡುಬರುತ್ತದೆ.

ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಈ ದೂರವನ್ನು ಹದಿನೈದೂವರೆ ಗಂಟೆಗಳಲ್ಲಿ ಕ್ರಮಿಸಬಹುದು. ವಾಸ್ತವದಲ್ಲಿ ನಿಲುಗಡೆಯಿಲ್ಲದ ವಿಮಾನಕ್ಕೆ 16ರಿಂದ 18 ಗಂಟೆಗಳು ಬೇಕಾಗುತ್ತವೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ ಹಾಗೂ ಕೆಲವು ದೇಶಗಳ ವಾಯುಪ್ರದೇಶದ ನಿರ್ಬಂಧಗಳಿಂದ ಮಾರ್ಗವು ದಿನದಿಂದ ದಿನಕ್ಕೆ ಬದಲಾಗುವುದೇ ಇದಕ್ಕೆ ಕಾರಣ. ಬೇರೆ ನಗರದಲ್ಲಿ ವಿಮಾನ ಬದಲಿಸುವವರಿಗೆ ಒಟ್ಟು ಅವಧಿಯು 20 ಗಂಟೆಗಳನ್ನು ಮೀರುತ್ತದೆ. ನೇರ ಸೇವೆಯನ್ನು ಸಂಸ್ಥೆಗಳು ಆರಂಭಿಸುವುದೂ ನಿಲ್ಲಿಸುವುದೂ ಉಂಟು. ಆದ್ದರಿಂದ ಟಿಕೆಟ್ ಪಡೆಯುವ ಮುನ್ನ ವಿಚಾರಿಸಿಕೊಳ್ಳುವುದು ಸೂಕ್ತ.

ದೂರಕ್ಕಿಂತಲೂ ಹೆಚ್ಚು ಜನ ಎಡವುವುದು ದಿನಾಂಕದ ವಿಷಯದಲ್ಲಿ. ಟಿಕೆಟ್ಟಿನಲ್ಲಿ ನಮೂದಿಸುವ ವೇಳೆಯು ಆಯಾ ಊರಿನ ಸ್ಥಳೀಯ ವೇಳೆ. ಭಾರತದ ಗಡಿಯಾರವು ಕ್ಯಾಲಿಫೋರ್ನಿಯಾದ ಗಡಿಯಾರಕ್ಕಿಂತ 13 ಗಂಟೆ 30 ನಿಮಿಷ ಮುಂದಿರುತ್ತದೆ. ಮಾರ್ಚ್ ತಿಂಗಳ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಈ ಅಂತರವು 12 ಗಂಟೆ 30 ನಿಮಿಷ. ಹೀಗಾಗಿ ಜನವರಿ 10ರ ಮಧ್ಯಾಹ್ನ 2 ಗಂಟೆಗೆ ಬೆಂಗಳೂರು ಬಿಟ್ಟವರು 16 ಗಂಟೆ ಹಾರಿದ ಮೇಲೂ ಅದೇ ಜನವರಿ 10ರ ಸಂಜೆ 4.30ಕ್ಕೆ ಅಲ್ಲಿ ಇಳಿಯುತ್ತಾರೆ. ಹಿಂದಿರುಗುವಾಗ ಲೆಕ್ಕ ತಿರುಗುಮುರುಗು. ಈ ಮಾರ್ಗದಲ್ಲಿ ಏರ್ ಇಂಡಿಯಾ ಸಂಸ್ಥೆಯ ಮೊದಲ ನೇರ ವಿಮಾನವು, ಮಹಿಳಾ ಪೈಲಟ್‌ಗಳ ತಂಡದೊಂದಿಗೆ, ಸ್ಯಾನ್ ಫ್ರಾನ್ಸಿಸ್ಕೊವನ್ನು ಬಿಟ್ಟದ್ದು 2021ರ ಜನವರಿ 9ರ ಶನಿವಾರ ರಾತ್ರಿ. ಬೆಂಗಳೂರಿಗೆ ತಲುಪಿದ್ದು ಜನವರಿ 11ರ ಸೋಮವಾರ ನಸುಕಿನಲ್ಲಿ. ನಡುವಿನ ಭಾನುವಾರವು ಪ್ರಯಾಣಿಕರ ಪಾಲಿಗೆ ಬಹುಮಟ್ಟಿಗೆ ಆಕಾಶದಲ್ಲಿಯೇ ಕಳೆದುಹೋಯಿತೆನ್ನಬೇಕು.

ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ಪತ್ರ ನೋಂದಣಿಗಾಗಿ, ನ್ಯಾಯಾಲಯದ ವಿಚಾರಣೆಗಾಗಿ ಅಥವಾ ಸಂದರ್ಶನಕ್ಕಾಗಿ ಖುದ್ದು ಹಾಜರಾಗಬೇಕಾದವರು ಈ ಅಂಶವನ್ನು ಅವಶ್ಯವಾಗಿ ಗಮನಿಸತಕ್ಕದ್ದು. ಹದಿನೇಳು ಗಂಟೆಯ ಹಾದಿಯೆಂದು ಭಾವಿಸಿ, ಹೊರಟ ಮರುದಿನದ ದಿನಾಂಕವನ್ನೇ ನಿಗದಿಪಡಿಸಿಕೊಂಡರೆ ಆ ದಿನವು ವಿಮಾನದಲ್ಲಿಯೇ ಮುಗಿದಿರುತ್ತದೆ. ಹೆತ್ತವರ ಅಂತ್ಯಕ್ರಿಯೆಗೆ ಧಾವಿಸುವವರ ಮನೆಯವರೂ ಕಾಯುವ ಅವಧಿಯನ್ನು ಊಹೆಯಿಂದ ನಿರ್ಧರಿಸದೆ, ವಿಮಾನ ಇಳಿಯುವ ವೇಳೆಯನ್ನು ಭಾರತೀಯ ಕಾಲಮಾನದಲ್ಲಿ ಕೇಳಿ ಬರೆದಿಟ್ಟುಕೊಳ್ಳುವುದು ಉಚಿತ. ದಾಖಲೆಗೆ ಸಹಿ ಮಾಡುವುದಷ್ಟೇ ಕೆಲಸವಾಗಿದ್ದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಭಾರತದ ಪ್ರಧಾನ ಕಾನ್ಸುಲ್ ಕಚೇರಿಯ ಮೂಲಕ ಮುಖ್ತಾರುನಾಮೆ ದೃಢೀಕರಿಸಿ ಕಳುಹಿಸಲು ಅವಕಾಶವಿದೆಯೇ ಎಂಬುದನ್ನು ಮೊದಲು ಪರಿಶೀಲಿಸಬಹುದು.

ಇನ್ಸುಲಿನ್ ಮುಂತಾದ ಔಷಧಿಗಳನ್ನು ಗಡಿಯಾರ ನೋಡಿ ತೆಗೆದುಕೊಳ್ಳುವ ಹಿರಿಯರು ಕಳೆದ ಗಂಟೆಗಳ ಆಧಾರದ ಮೇಲೆ ವೇಳಾಪಟ್ಟಿಯನ್ನು ವೈದ್ಯರಿಂದ ಬರೆಸಿಕೊಂಡು, ಔಷಧಿಯನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳ ಕಾರ್ಯಾಚರಣೆಯು 2023ರ ಸೆಪ್ಟೆಂಬರ್‌ನಲ್ಲಿ ಎರಡನೇ ಟರ್ಮಿನಲ್‌ಗೆ ಸ್ಥಳಾಂತರಗೊಂಡಿದೆ. ವಿಮಾನ ಹೊರಡುವ ಮೂರು ಗಂಟೆ ಮೊದಲು ಅಲ್ಲಿರುವಂತೆ ಮನೆ ಬಿಡುವುದು ಒಳಿತು. ನಗರದ ವಾಹನ ದಟ್ಟಣೆಯ ಸಮಯ ಈ ಮೂರು ಗಂಟೆಗಳಲ್ಲಿ ಸೇರಿಲ್ಲ.